‘ಆಕಾಶವಾಣಿ’ಯ ಗೋಪಾಲಸ್ವಾಮಿಯವರು
(ಅಂತಿಮ ಬಿ.ಎ. ವಿದ್ಯಾರ್ಥಿ, ನಿಟ್ಟೂರು)

ಆಕಾಶವಾಣಿ ಎಂಬುದು ನಮ್ಮ ಪುರಾಣಗಳ ಮಾತು. ತಂಗಿ ದೇವಕಿಯ ಮದುವೆಯ ರಥವನ್ನು ಹೊಡೆಯುತ್ತಿದ್ದ ಕಂಸನಿಗೆ ಕೇಳಿಸಿದ ಅಶರೀರವಾಣಿಯ ಕಥೆಯನ್ನು ಚಿಕ್ಕಂದಿನಲ್ಲಿ ಕೇಳದವರಾರು? ಆಡಿದವರು ಕಣ್ಣಿಗೆ ಬೀಳುವುದಿಲ್ಲ, ಮಾತು ಮಾತ್ರ ಕಿವಿಗೆ ಬೀಳುತ್ತದೆ. ರೇಡಿಯೋವಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ಹುಡುಕುವುದು ಕಷ್ಟ. ಇಂದು ಅದು ಇಡೀ ದೇಶದ ಪ್ರಸಾರ ಸಂಸ್ಥೆಯ ಹೆಸರಾಗಿದೆ. 2023ರಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಎಂಬುದನ್ನು ಕೈಬಿಟ್ಟು ‘ಆಕಾಶವಾಣಿ’ ಎಂದೇ ಬಳಸಬೇಕೆಂದು ಆದೇಶವೂ ಆಯಿತು. ಆದರೆ ಒಂದು ರೇಡಿಯೋ ಕೇಂದ್ರಕ್ಕೆ ಈ ಹೆಸರು ಮೊದಲು ಬಂದುದು ದೆಹಲಿಯಲ್ಲಲ್ಲ, ನಮ್ಮ ಮೈಸೂರಿನಲ್ಲಿ. ಅದೂ ಸರ್ಕಾರದ ಕಟ್ಟಡದಲ್ಲಲ್ಲ, ಒಬ್ಬ ಕಾಲೇಜು ಅಧ್ಯಾಪಕರ ಮನೆಯಲ್ಲಿ. ಆ ಅಧ್ಯಾಪಕರೇ ಡಾ. ಎಂ. ವಿ. ಗೋಪಾಲಸ್ವಾಮಿಯವರು.

ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡಿರುವ ನನಗೆ ಅವರ ಹೆಸರು ಮೊದಲು ಪರಿಚಯವಾದುದು ತರಗತಿಯಲ್ಲಿ. ರೇಡಿಯೋ ಕಟ್ಟಿದವರೂ ಈ ವಿದ್ವಾಂಸರೂ ಒಬ್ಬರೇ ಎಂದು ತಿಳಿದಾಗ ಆದ ಬೆರಗು ಇನ್ನೂ ಹೋಗಿಲ್ಲ. ಆ ಬೆರಗೇ ಈ ಲೇಖನಕ್ಕೆ ಕಾರಣ.

ಗೋಪಾಲಸ್ವಾಮಿಯವರು ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ಹೋಗಿ, ಅಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ನಡೆಸಿದರು. ಬುದ್ಧಿಶಕ್ತಿಯನ್ನು ಗಣಿತದ ಸಹಾಯದಿಂದ ಅಳೆಯಬಹುದೆಂದು ತೋರಿಸಿ ಲೋಕವಿಖ್ಯಾತರಾದವರು ಸ್ಪಿಯರ್‌ಮನ್. ಕೈಕೆಲಸವನ್ನು ಕಲಿಯುವಾಗ ಬುದ್ಧಿಯ ಪಾಲು ಎಷ್ಟು ಎಂಬುದು ಈ ಶಿಷ್ಯರು ಆರಿಸಿಕೊಂಡ ಪ್ರಶ್ನೆ. ಕೈಯನ್ನು ನೇರವಾಗಿ ನೋಡದೆ, ಕನ್ನಡಿಯಲ್ಲಿನ ಪ್ರತಿಬಿಂಬವನ್ನು ನೋಡುತ್ತ ಗೆರೆ ಎಳೆಯುವ ಪ್ರಯೋಗವನ್ನು ಮನಶ್ಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಬಲ್ಲರು. ಎಡ ಬಲವಾಗಿ, ಮೇಲು ಕೆಳಗಾಗಿ, ಬುದ್ಧಿವಂತನ ಕೈಯೂ ಮಗುವಿನ ಕೈಯಂತೆ ತಡವರಿಸುತ್ತದೆ. ಇಂಥ ಪ್ರಯೋಗಗಳ ಮೇಲೆ ಅವರು ಬರೆದ ಪ್ರಬಂಧಗಳು ಇಂಗ್ಲೆಂಡಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ 1924ರಲ್ಲಿ ಪ್ರಕಟವಾದುವು.

ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಇನ್ನೂ ಎಳೆಯ ಪ್ರಾಯ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ಅದು ಸ್ಥಾಪನೆಯಾಗಿತ್ತು. ಉಪಕುಲಪತಿಗಳಾಗಿದ್ದವರು ಬಂಗಾಳದ ಮಹಾಪಂಡಿತ ಬ್ರಜೇಂದ್ರನಾಥ ಸೀಲರು. ಅವರ ಕಾಲದಲ್ಲಿಯೇ, 1924ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಗೋಪಾಲಸ್ವಾಮಿಯವರು ಅದರ ಮುಖ್ಯಸ್ಥರಾದರು. ಕಲ್ಕತ್ತೆಯನ್ನು ಬಿಟ್ಟರೆ ಇಂಥ ವಿಭಾಗ ಭಾರತದಲ್ಲಿ ಬೇರೆಲ್ಲಿಯೂ ಇರಲಿಲ್ಲ. ಪುಸ್ತಕದ ಪಾಠದಲ್ಲಿಯೇ ತೃಪ್ತಿಪಡದೆ ಅವರು ಪ್ರಯೋಗಶಾಲೆಯನ್ನು ಕಟ್ಟಿದರು. ಮುಂದೆ ಅದೇ ಕಾಲೇಜಿಗೆ ಪ್ರಾಂಶುಪಾಲರೂ ಆದರು. ಚಿಕ್ಕ ಮಕ್ಕಳ ಶಿಕ್ಷಣದಲ್ಲಿಯೂ ಅವರಿಗೆ ಬಹಳ ಆಸಕ್ತಿ. ಮೈಸೂರಿನ ಶಿಶುವಿಹಾರ ಶಾಲೆಯೊಡನೆ ಅವರ ಹೆಸರು ಇಂದಿಗೂ ಸೇರಿಕೊಂಡಿದೆ.

ಇಷ್ಟೇ ಆಗಿದ್ದರೆ ಅವರು ವಿದ್ವಾಂಸರ ನೆನಪಿನಲ್ಲಿ ಮಾತ್ರ ಉಳಿಯುತ್ತಿದ್ದರೇನೋ. ಅವರನ್ನು ನಾಡಿನ ಮನೆಮನೆಗೂ ಸಂಬಂಧಪಟ್ಟವರನ್ನಾಗಿ ಮಾಡಿದುದು ರೇಡಿಯೋ.

ಆ ಕಾಲದ ರೇಡಿಯೋ ಹೇಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ದೇಶದಲ್ಲಿ ಪ್ರಸಾರಕ್ಕೆ ಮೊದಲು ಕೈಹಾಕಿದವರು ಹವ್ಯಾಸಿಗಳು. 1923ರಲ್ಲಿ ಬೊಂಬಾಯಿಯಲ್ಲಿ, 1924ರಲ್ಲಿ ಮದರಾಸಿನಲ್ಲಿ ರೇಡಿಯೋ ಕ್ಲಬ್ಬುಗಳು ಕೆಲಸ ಮಾಡಿದುವು. 1927ರಲ್ಲಿ ಒಂದು ಖಾಸಗಿ ಕಂಪನಿ ಬೊಂಬಾಯಿ ಮತ್ತು ಕಲ್ಕತ್ತೆಗಳಲ್ಲಿ ಕೇಂದ್ರಗಳನ್ನು ತೆರೆದು, ಮೂರು ವರ್ಷ ತುಂಬುವ ಮೊದಲೇ ನಷ್ಟದಿಂದ ಮುಚ್ಚಿಹೋಯಿತು. 1930ರಲ್ಲಿ ಸರ್ಕಾರವೇ ಆ ಭಾರವನ್ನು ಹೊತ್ತುಕೊಂಡಿತು. 1932ರ ಡಿಸೆಂಬರಿನಲ್ಲಿ ಲಂಡನ್ನಿನ ಬಿ.ಬಿ.ಸಿ. ತನ್ನ ಸಾಮ್ರಾಜ್ಯ ಪ್ರಸಾರವನ್ನು ಶಾರ್ಟ್ ವೇವಿನಲ್ಲಿ ತೊಡಗಿತು. ಈ ಕಿರುತರಂಗಗಳು ವಾತಾವರಣದ ಮೇಲ್ಭಾಗದಲ್ಲಿರುವ ವಿದ್ಯುದಂಶಗಳ ಪದರಕ್ಕೆ ತಾಗಿ, ಗೋಡೆಗೆ ಹೊಡೆದ ಚೆಂಡಿನಂತೆ ಮತ್ತೆ ಭೂಮಿಗೆ ಮರಳುತ್ತವೆ. ಹಾಗೆ ಪುಟಿಯುತ್ತ ಸಾವಿರಾರು ಮೈಲಿ ಹೋಗುತ್ತವೆ. ಮಧ್ಯಮ ತರಂಗಗಳಾದರೋ ಹಗಲಿನಲ್ಲಿ ನೆಲವನ್ನೇ ಹಿಡಿದು ಸಾಗಿ, ಸ್ವಲ್ಪ ದೂರದಲ್ಲಿಯೇ ಸೊರಗುತ್ತವೆ. ಹೀಗಾಗಿ ಸೆಟ್ಟುಳ್ಳ ಮೈಸೂರಿನ ಉಳ್ಳವನೊಬ್ಬ ಲಂಡನ್ನಿನ ಸುದ್ದಿಯನ್ನು ಇಂಗ್ಲಿಷಿನಲ್ಲಿ ಕೇಳಬಹುದಾಗಿತ್ತು. ತನ್ನ ಊರಿನ ಮಾತನ್ನು ತನ್ನ ನುಡಿಯಲ್ಲಿ ಕೇಳುವ ದಾರಿ ಇರಲಿಲ್ಲ.

ಈ ಕೊರತೆಯನ್ನು ತುಂಬಲು ಹೊರಟವರು ಗೋಪಾಲಸ್ವಾಮಿಯವರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವಾಟಿನ ಒಂದು ಪುಟ್ಟ ಪ್ರೇಷಕ ಯಂತ್ರದ ಮೂಲಕ ಪ್ರಸಾರವನ್ನು ಆರಂಭಿಸಿದರು. 30 ವಾಟೆಂದರೆ ಒಂದು ಮಂಕು ದೀಪಕ್ಕೆ ಬೇಕಾಗುವಷ್ಟು ಶಕ್ತಿ! ದೆಹಲಿಯ ಕೇಂದ್ರ ತೆರೆದುದು ಮರುವರ್ಷದ ಜನವರಿ 1ರಂದು. ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಹುಟ್ಟಿದುದು 1936ರ ಜೂನಿನಲ್ಲಿ. ಇವೆರಡಕ್ಕೂ ಮೊದಲೇ ಮೈಸೂರಿನ ಮನೆಯೊಂದರಿಂದ ದನಿ ಹೊರಟಿತ್ತೆಂಬುದನ್ನು ನಾವು ಮರೆಯಬಾರದು. ಮುಂದೆ 250 ವಾಟಿನ ಯಂತ್ರ ಬಂದಿತು.

ಹೆಸರನ್ನು ಸೂಚಿಸಿದವರು ಯಾರೆಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಗೋಪಾಲಸ್ವಾಮಿಯವರೇ ಎಂದು ಹಲವರು ಹೇಳುತ್ತಾರೆ. ಕೇಂದ್ರದ ಕೆಲಸದಲ್ಲಿ ಅವರಿಗೆ ಹೆಗಲುಕೊಟ್ಟ ಹಾಸ್ಯಸಾಹಿತಿ ನಾ. ಕಸ್ತೂರಿಯವರಿಗೆ ಆ ಕೀರ್ತಿ ಸಲ್ಲಬೇಕೆಂದು ಮತ್ತೆ ಕೆಲವರು ಹೇಳುತ್ತಾರೆ. ಇಬ್ಬರೂ ಒಂದೇ ಬಾನುಲಿಗಾಗಿ ದುಡಿದವರಾದುದರಿಂದ ಈ ವಿವಾದದಿಂದ ಯಾರಿಗೂ ನಷ್ಟವಿಲ್ಲ.

ಖರ್ಚಿನ ಮಾತು ಬೇರೆ. ಸುಮಾರು ಆರು ವರ್ಷಗಳ ಕಾಲ ಕೇಂದ್ರವನ್ನು ಅವರು ತಮ್ಮ ಸ್ವಂತ ಹಣದಿಂದಲೂ ಮೈಸೂರು ಪುರಸಭೆಯ ನೆರವಿನಿಂದಲೂ ನಡೆಸಿದರು. ಬಂಡವಾಳವಿದ್ದ ಕಂಪನಿಯೇ ಮೂರು ವರ್ಷ ಬಾಳದ ವ್ಯವಹಾರವನ್ನು ಅಧ್ಯಾಪಕರೊಬ್ಬರು ಅದರ ಎರಡರಷ್ಟು ಕಾಲ ನಡೆಸಿದರೆಂದರೆ ಅದು ಸಾಮಾನ್ಯ ಸಾಹಸವಲ್ಲ. ಆದರೆ ಅವರ ಬಳಿ ಕಂಪನಿಗಿಲ್ಲದ ಒಂದು ಸಂಪತ್ತಿತ್ತು. ಅದೇ ಮೈಸೂರು ನಗರ. ಅರಮನೆಯ ಆಶ್ರಯದಿಂದ ಬೆಳೆದ ಸಂಗೀತಗಾರರು, ಕಾಲೇಜಿನ ಸಾಹಿತಿಗಳು, ವಿಜ್ಞಾನದ ಅಧ್ಯಾಪಕರು ಎಲ್ಲರೂ ಕೂಗಳತೆಯಲ್ಲಿಯೇ ಇದ್ದರು. ಕುವೆಂಪು ಅವರೂ ಆಗ ಅದೇ ಕಾಲೇಜಿನ ಕನ್ನಡ ಅಧ್ಯಾಪಕರು.

ಮನಸ್ಸನ್ನು ಅಳೆಯುವ ವಿದ್ವಾಂಸನಿಗೆ ಈ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ನನಗೆ ತೋರುವ ಉತ್ತರವಿದು: ಕಲಿಕೆಯನ್ನೇ ಶಾಸ್ತ್ರವಾಗಿ ಮಾಡಿಕೊಂಡವರಿಗೆ ಶಾಲೆಯ ಗೋಡೆಯ ಆಚೆ ಇರುವವರ ಕಲಿಕೆಯೂ ಪ್ರಶ್ನೆಯಾಗದೆ ಇರಲಾರದು. ಅಂದು ನಮ್ಮ ಜನರಲ್ಲಿ ಓದುಬರಹ ಬಲ್ಲವರು ಬಹಳ ಕಡಮೆ. ಅಂಥವರಿಗೆ ಅಚ್ಚಿನ ಅಕ್ಷರಕ್ಕಿಂತ ಆಡಿದ ಮಾತೇ ಹತ್ತಿರ. ಹರಿಕಥೆಯಿಂದಲೂ ಗಮಕದಿಂದಲೂ ಭಾರತ ರಾಮಾಯಣಗಳನ್ನು ಕಿವಿಯಿಂದಲೇ ಕಲಿತ ಜನಕ್ಕೆ ವಿಜ್ಞಾನವನ್ನೂ ಲೋಕದ ಸುದ್ದಿಯನ್ನೂ ಕಿವಿಯಿಂದ ಏಕೆ ಕಲಿಸಬಾರದು? ಶಿಶುವಿಹಾರವೂ ಬಾನುಲಿಯೂ ಒಂದೇ ಬಯಕೆಯ ಎರಡು ಕೊಂಬೆಗಳು.

1940ರ ದಶಕದ ಮೊದಲಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಕೇಂದ್ರ ಸರ್ಕಾರದ ಆರು ರೇಡಿಯೋ ಕೇಂದ್ರಗಳಿದ್ದುವು. ಸಂಸ್ಥಾನಗಳಲ್ಲಿದ್ದುವು ಐದು: ಮೈಸೂರು, ತಿರುವನಂತಪುರ, ಹೈದರಾಬಾದು, ಔರಂಗಾಬಾದು ಮತ್ತು ಬರೋಡ. 1950ರಲ್ಲಿ ಮೈಸೂರಿನ ಕೇಂದ್ರವೂ ಅಖಿಲ ಭಾರತದ ಸಂಸ್ಥೆಯಲ್ಲಿ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಹೊಸ ಕೇಂದ್ರ ತೆರೆದು, ಮೈಸೂರಿನ ಪ್ರಸಾರ ಅಲ್ಲಿಗೆ ಹೋಯಿತು. ಗೋಪಾಲಸ್ವಾಮಿಯವರು 1957ರಲ್ಲಿ ಕಾಲವಾದರು. ತಾವು ನೆಟ್ಟ ಸಸಿಯನ್ನು ಕಿತ್ತು ಬೇರೆಡೆ ನೆಟ್ಟುದನ್ನು ಅವರು ಕಣ್ಣಾರೆ ಕಂಡರು. ಆದರೆ ‘ಆಕಾಶವಾಣಿ’ ಎಂಬ ಹೆಸರು ದೇಶದ ಹೆಸರಾಗತೊಡಗಿದುದೂ ಅದೇ ಕಾಲದಲ್ಲಿ. ಮೈಸೂರಿನಲ್ಲಿ ಕೇಂದ್ರ ಮತ್ತೆ ತೆರೆಯಲು 1974ರ ನವೆಂಬರ್ 14ರವರೆಗೆ ಕಾಯಬೇಕಾಯಿತು. ಅದು ನೆಲೆಗೊಂಡುದು ‘ವಿಠ್ಠಲ ವಿಹಾರ’ಕ್ಕೆ ಕೆಲವೇ ನೂರು ಗಜಗಳ ದೂರದಲ್ಲಿ.

ಬೆಂಗಳೂರಿಗೆ ಹೋದುದರಿಂದ ಮೈಸೂರಿಗೆ ನಷ್ಟವಾದರೂ ನಮ್ಮ ಗುಬ್ಬಿ ತಾಲ್ಲೂಕಿನಂಥ ಕಡೆಗಳಿಗೆ ಲಾಭವಾಯಿತೆಂದು ನ್ಯಾಯವಾಗಿ ಒಪ್ಪಬೇಕು. ನಿಟ್ಟೂರಿನಲ್ಲಿ ನಮ್ಮ ಅಜ್ಜ ಹುಡುಗರಾಗಿದ್ದ ಕಾಲಕ್ಕೆ ರೇಡಿಯೋ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತಂತೆ. ಅದಕ್ಕೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸು ಕಟ್ಟಬೇಕು. ಸಂಜೆಯಾದರೆ ಜಗಲಿಯ ತುಂಬ ಜನ. ತೆಂಗು ಅಡಿಕೆ ಬೆಳೆಯುವವರಿಗೆ ತಿಪಟೂರಿನ ಕೊಬ್ಬರಿ ಧಾರಣೆ ಬೇಕು. ಹಿರಿಯರಿಗೆ ಮಳೆಯ ಸುದ್ದಿ ಬೇಕು. ಹುಡುಗರಿಗೆ ನಾಟಕ ಬೇಕು. ಚೀನಾ ಯುದ್ಧದ ಸುದ್ದಿಯನ್ನೂ, ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಸುದ್ದಿಯನ್ನೂ ಅಜ್ಜ ಕೇಳಿದುದು ಅಂಥ ಜಗಲಿಯ ಮೇಲೆಯೇ. ರೈಲು ನಿಲ್ದಾಣವಿದ್ದೂ ಮರುದಿನ ಬರುತ್ತಿದ್ದ ಪತ್ರಿಕೆಗಿಂತ ಮೊದಲೇ ಲೋಕ ನಮ್ಮೂರಿಗೆ ಬಂದುದು ಹೀಗೆ.

ಈಗ ಒಂದು ಮಾತನ್ನು ನನ್ನ ಸಹಪಾಠಿಗಳ ಮುಂದಿಡಬೇಕು. ಬಿ.ಬಿ.ಸಿ.ಯು 1940ರಲ್ಲಿ ಹಿಂದುಸ್ತಾನಿಯಲ್ಲಿ, 1941ರಲ್ಲಿ ತಮಿಳಿನಲ್ಲಿ ಪ್ರಸಾರವನ್ನು ತೆರೆಯಿತು. ಆ ಪಟ್ಟಿಯಲ್ಲಿ ಕನ್ನಡ ಸೇರಲಿಲ್ಲ. 2020ರ ಜನವರಿ ಕೊನೆಗೆ ಅದರ ಹಿಂದಿಯ ಶಾರ್ಟ್ ವೇವ್ ಪ್ರಸಾರವೂ ನಿಂತಿತು. ಇಂದು ಲೋಕದ ರಾಜಕೀಯ, ವ್ಯಾಪಾರ, ವಿಜ್ಞಾನ, ಭಾಷಾಪಾಠ ಎಲ್ಲವೂ ಅಂಗೈಯ ಫೋನಿನಲ್ಲಿ ಸಿಕ್ಕುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನ ಪಾಲು ಇಂಗ್ಲಿಷಿನಲ್ಲಿದೆ. 1935ರ ಕೊರತೆ ವೇಷ ಬದಲಿಸಿಕೊಂಡು ಹಾಗೆಯೇ ನಿಂತಿದೆಯಲ್ಲವೆ? ಅಂದು ಯಂತ್ರ ದುರ್ಲಭವಾಗಿತ್ತು, ಹೇಳುವವರಿದ್ದರು. ಇಂದು ಯಂತ್ರ ಎಲ್ಲರ ಜೇಬಿನಲ್ಲಿದೆ. ತಾವು ಓದಿದುದನ್ನು ತಿಳಿಗನ್ನಡದಲ್ಲಿ ಹೇಳುವವರು ಬೇಕಾಗಿದ್ದಾರೆ.

ಲಂಡನ್ನಿನಲ್ಲಿ ಕಲಿತ ವಿದ್ಯೆಯನ್ನು ಗೋಪಾಲಸ್ವಾಮಿಯವರು ಪದವಿಯ ಅಲಂಕಾರವಾಗಿ ಇಟ್ಟುಕೊಳ್ಳಲಿಲ್ಲ. ತಮ್ಮ ಮನೆಯನ್ನೂ ಸಂಬಳವನ್ನೂ ತೊಡಗಿಸಿ ಅದನ್ನು ಊರಿನ ಸೊತ್ತಾಗಿ ಮಾಡಿದರು. ಅವರ ಮೊದಲ ಯಂತ್ರದ ಶಕ್ತಿ 30 ವಾಟು ಮಾತ್ರ. ಅದು ಸಾಲದೆಂದು ಅವರು ಸುಮ್ಮನೆ ಕುಳಿತಿದ್ದರೆ ಕನ್ನಡದ ದನಿ ಆಕಾಶವನ್ನು ಸೇರಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ!