ಬಿಡಿಹಾಳೆಗಳನ್ನು ಕೂಡಿಟ್ಟ ಧರ್ಮಾಧ್ಯಕ್ಷ

ಹೋರಾಟದ ಕಾಲದಲ್ಲಿ ಅಚ್ಚಾಗುವ ಕಿರುಹೊತ್ತಗೆಗಳ ಆಯುಷ್ಯ ಅಲ್ಪ. ಕೈಯಿಂದ ಕೈಗೆ ದಾಟಿ, ಓದಿ ಮುಗಿದ ಮೇಲೆ ಅವು ಪೊಟ್ಟಣ ಕಟ್ಟುವ ಕಾಗದವಾಗುವುದೇ ಹೆಚ್ಚು. ಗುಲಾಮಗಿರಿಯ ವಿರುದ್ಧ ಹೊರಟ ಇಂತಹ ಹಾಳೆಗಳನ್ನು ಜೋಪಾನವಾಗಿ ಸಂಗ್ರಹಿಸಿದವರಲ್ಲಿ ಓರ್ವ ಕಥೋಲಿಕ ಗುರುವೂ ಇದ್ದರೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಅವರೇ ಫ್ರಾನ್ಸಿನ ಹೆನ್ರಿ ಗ್ರೆಗ್ವಾರ್.

1750ರ ಡಿಸೆಂಬರ್ 4ರಂದು ಲೊರೇನ್ ಪ್ರಾಂತದ ವೆಹೊ ಎಂಬ ಹಳ್ಳಿಯಲ್ಲಿ, ಬಡ ದರ್ಜಿಯೊಬ್ಬರ ಮನೆಯಲ್ಲಿ ಅವರು ಜನಿಸಿದರು. ನಾನ್ಸಿ ನಗರದಲ್ಲಿ ಯೇಸುಸಭೆಯ ಗುರುಗಳ ಬಳಿ ಕಲಿತು 1775ರಲ್ಲಿ ಗುರುದೀಕ್ಷೆ ಪಡೆದರು. 1782ರಲ್ಲಿ ಎಂಬರ್ಮೆನಿಲ್ ಧರ್ಮಕೇಂದ್ರದ ವಿಚಾರಣಾ ಗುರುಗಳಾದಾಗ, ಅಲ್ಲಿಯ ರೈತರಿಗಾಗಿ ಪುಟ್ಟದೊಂದು ಗ್ರಂಥಾಲಯವನ್ನು ತೆರೆದರು. ಯೆಹೂದ್ಯರಿಗೂ ಸಮಾನ ಹಕ್ಕು ಸಲ್ಲಬೇಕೆಂದು ವಾದಿಸಿದ ಅವರ ಪ್ರಬಂಧಕ್ಕೆ 1788ರಲ್ಲಿ ಮೆಟ್ಸ್ ನಗರದ ವಿದ್ವತ್ ಸಭೆಯ ಬಹುಮಾನ ದೊರೆಯಿತು.

1789ರಲ್ಲಿ ಗುರುವರ್ಗದ ಪ್ರತಿನಿಧಿಯಾಗಿ ಅವರು ರಾಷ್ಟ್ರಸಭೆಯನ್ನು ಪ್ರವೇಶಿಸಿದರು. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಮನುಷ್ಯರನ್ನು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದನಗಳಂತೆ ದುಡಿಸುತ್ತಿದ್ದ ಕಾಲವದು. ಗ್ರೆಗ್ವಾರ್ ಅವರು ಕರಿಯರ ಮಿತ್ರರ ಸಂಘವನ್ನು ಸೇರಿ, ವರ್ಣೀಯರ ಹಕ್ಕಿನ ಪರವಾಗಿ ಅದೇ ವರ್ಷ ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದರು. ತೋಟದ ಮಾಲೀಕರೂ ಸುಮ್ಮನಿರಲಿಲ್ಲ. ಅವರನ್ನು ದೇಶದ್ರೋಹಿಯೆಂದು ಜರೆಯುವ ಹಾಳೆಗಳು ಪ್ಯಾರಿಸಿನ ಬೀದಿಗಳಲ್ಲಿ ಹರಿದಾಡಿದವು. ಕೊನೆಗೆ 1794ರ ಫೆಬ್ರವರಿ 4ರಂದು ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿತು.

ಇಲ್ಲಿ ನಾವು ಮುಚ್ಚಿಡಬಾರದ ಒಂದು ಸಂಗತಿಯಿದೆ. ಧರ್ಮಸಭೆಯನ್ನು ಸರಕಾರದ ಅಂಕೆಗೆ ಒಳಪಡಿಸಿದ ಕಾನೂನಿಗೆ ಗ್ರೆಗ್ವಾರ್ ಪ್ರಮಾಣ ಮಾಡಿದರು. 1791ರಲ್ಲಿ ಬ್ಲುವಾ ನಗರದ ಧರ್ಮಾಧ್ಯಕ್ಷರಾಗಿ ಚುನಾಯಿತರಾದರು. ಆ ಕಾನೂನನ್ನು ಪೋಪ್ ಆರನೇ ಪಿಯುಸ್ ಅದೇ ವರ್ಷ ಖಂಡಿಸಿದರೂ ಇವರು ಹಿಂದೆಗೆಯಲಿಲ್ಲ. ಆದರೆ 1793ರ ನವೆಂಬರಿನಲ್ಲಿ, ಪ್ಯಾರಿಸಿನ ಧರ್ಮಾಧ್ಯಕ್ಷರೇ ತಮ್ಮ ಪದವಿಯನ್ನು ತ್ಯಜಿಸಿದಾಗ, ಗ್ರೆಗ್ವಾರ್ ಮಾತ್ರ ಪದತ್ಯಾಗಕ್ಕೆ ಒಪ್ಪಲಿಲ್ಲ. ದೇವರನ್ನು ಹೆಸರಿಸುವುದೇ ಅಪಾಯವಾಗಿದ್ದ ಆ ಭೀಕರ ದಿನಗಳಲ್ಲಿ ಧರ್ಮಾಧ್ಯಕ್ಷರ ಉಡುಪಿನಲ್ಲಿಯೇ ಅವರು ರಾಷ್ಟ್ರಸಭೆಗೆ ಹೋಗುತ್ತಿದ್ದರು. ಕ್ರಾಂತಿಯ ಗುಂಪುಗಳು ಗ್ರಂಥಗಳನ್ನೂ ಸ್ಮಾರಕಗಳನ್ನೂ ನಾಶಗೊಳಿಸತೊಡಗಿದಾಗ, ಅದನ್ನು ತಡೆಯಲು 1794ರಲ್ಲಿ ವರದಿಗಳನ್ನು ಬರೆದವರೂ ಅವರೇ. ಅದೇ ವರ್ಷ ಪ್ರಾಂತಭಾಷೆಗಳನ್ನು ಅಳಿಸಿ ಫ್ರೆಂಚ್ ಒಂದನ್ನೇ ಉಳಿಸಬೇಕೆಂದೂ ಅವರು ವಾದಿಸಿದ್ದರು. ಬಹುಭಾಷೆಗಳ ನಾಡಿನವರಾದ ನಾವು ಈ ಮಾತನ್ನು ಒಪ್ಪಲಾರೆವು.

1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮರಳಿ ಊರ್ಜಿತಗೊಳಿಸಿದನು. ಸಭೆಗಳಲ್ಲಿ ಮಾತಿಗೆ ಬೆಲೆಯಿಲ್ಲದಾದಾಗ ಗ್ರೆಗ್ವಾರ್ ಕಾಗದಗಳತ್ತ ತಿರುಗಿದರು. ಗುಲಾಮಗಿರಿಗೆ ಸಂಬಂಧಿಸಿದ ಕಿರುಹೊತ್ತಗೆ, ಪತ್ರ, ವರದಿಗಳನ್ನು ನಾನಾ ದೇಶಗಳಿಂದ ತರಿಸಿಕೊಂಡರು. ಕರಿಯರಿಗೆ ಬುದ್ಧಿಯಿಲ್ಲವೆಂದು ಮಾಲೀಕರು ಸಾರುತ್ತಿದ್ದರಷ್ಟೆ? ಅದಕ್ಕೆ ಉತ್ತರವಾಗಿ ಕರಿಯರೇ ಬರೆದ ಪುಸ್ತಕಗಳನ್ನು ಅವರು ಹುಡುಕಿದರು. ಬಾಲ್ಯದಲ್ಲಿಯೇ ಮಾರಾಟವಾಗಿ ಅಮೆರಿಕೆಯಲ್ಲಿ ಕವಯಿತ್ರಿಯಾದ ಫಿಲಿಸ್ ವೀಟ್ಲಿ, ತನ್ನ ಬಾಳಿನ ಕಥೆಯನ್ನು ತಾನೇ ಬರೆದ ಒಲೌದಾ ಎಕ್ವಿಯಾನೊ, ಪಂಚಾಂಗಗಳನ್ನು ಗಣಿಸಿದ ಬೆಂಜಮಿನ್ ಬ್ಯಾನೆಕರ್ ಮುಂತಾದವರ ಸಾಧನೆಗಳನ್ನೆಲ್ಲ ಒಂದೆಡೆ ಕಲೆಹಾಕಿ 1808ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅದರ ಪ್ರತಿಯೊಂದನ್ನು, ಕರಿಯರ ಬುದ್ಧಿಶಕ್ತಿಯನ್ನು ಸಂಶಯಿಸಿ ಬರೆದಿದ್ದ ಅಮೆರಿಕದ ಜೆಫರ್ಸನ್ನರಿಗೂ ಕಳುಹಿಸಿದರು. ಹೀಗೆ ಬಿಡಿಬಿಡಿಯಾಗಿ ಚದರಿದ್ದ ಹಾಳೆಗಳು ಅವರ ಕಪಾಟಿನಲ್ಲಿ ಒಂದುಗೂಡಿ ಸಾಕ್ಷಿ ನುಡಿದವು.

ನೆಪೋಲಿಯನ್ನನ ಪತನದ ನಂತರ ಬಂದ ರಾಜಪ್ರಭುತ್ವ ಅವರ ಪಿಂಚಣಿಯನ್ನು ಕಿತ್ತುಕೊಂಡಿತು. ಹೊಟ್ಟೆಪಾಡಿಗಾಗಿ ಅವರು ತಮ್ಮ ಪುಸ್ತಕಗಳಲ್ಲಿ ಕೆಲವನ್ನು ಮಾರಬೇಕಾಯಿತು. ಆದರೂ ಗುಲಾಮಗಿರಿಯ ಕುರಿತಾದ ಸಂಗ್ರಹವನ್ನು ಅವರು ಚದರಗೊಡಲಿಲ್ಲ. ಅದು ಪ್ಯಾರಿಸಿನ ಆರ್ಸೆನಲ್ ಗ್ರಂಥಾಲಯವನ್ನು ಸೇರಿತು.

1831ರಲ್ಲಿ ಅವರು ಮರಣಶಯ್ಯೆಯಲ್ಲಿದ್ದಾಗ, ಹಿಂದೆ ಮಾಡಿದ ಪ್ರಮಾಣವನ್ನು ಹಿಂತೆಗೆದುಕೊಂಡರೆ ಮಾತ್ರ ಅಂತಿಮ ಸಂಸ್ಕಾರವೆಂದು ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ವಿಧಿಸಿದರು. ಮುದುಕ ಗುರು ಒಪ್ಪಲಿಲ್ಲ. ಕೊನೆಗೆ ಗಿಯೋಂ ಎಂಬ ಗುರುಗಳು ಆ ಅಪ್ಪಣೆಯನ್ನು ಮೀರಿ ಅವರಿಗೆ ಅಂತ್ಯಾಭ್ಯಂಗ ನೀಡಿದರು. ಮೇ 28ರಂದು ಗ್ರೆಗ್ವಾರ್ ಕಣ್ಮುಚ್ಚಿದರು. ಅವರ ಶವಯಾತ್ರೆಯಲ್ಲಿ ಸಾವಿರಾರು ಜನ ನೆರೆದರು. ವಿದ್ಯಾರ್ಥಿಗಳು ಶವದ ಬಂಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದರು.

ಎಂಟು ವರ್ಷಗಳ ನಂತರ, 1839ರಲ್ಲಿ, ಪೋಪ್ ಹದಿನಾರನೇ ಗ್ರೆಗೊರಿ ಗುಲಾಮರ ವ್ಯಾಪಾರವನ್ನು ಖಂಡಿಸಿದರು. 1848ರಲ್ಲಿ ಫ್ರಾನ್ಸ್ ಗುಲಾಮಗಿರಿಯನ್ನು ಶಾಶ್ವತವಾಗಿ ತೊಡೆದುಹಾಕಿತು. 1989ರಲ್ಲಿ ಅವರ ಅವಶೇಷಗಳನ್ನು ಪ್ಯಾರಿಸಿನ ಪ್ಯಾಂಥಿಯನ್ನಿನಲ್ಲಿ ಇರಿಸಲಾಯಿತು.

ಅವರ ಅವಿಧೇಯತೆಯನ್ನು ನಾವು ಸಮರ್ಥಿಸುವುದಿಲ್ಲ. ಅದನ್ನು ತೂಗಬಲ್ಲವನು ದೇವರೊಬ್ಬನೇ. ಆದರೆ ತಮ್ಮವರಲ್ಲದ, ತಾವೆಂದೂ ಕಾಣದ ಜನರ ನೋವಿನ ದಾಖಲೆಗಳನ್ನು ಬಡತನದಲ್ಲಿಯೂ ಕಾಪಾಡಿದ ಆ ಗುರುವಿಗೆ ನಾವು ಋಣಿಗಳು. ನಮ್ಮ ಮನೆಗಳ ಅಟ್ಟಗಳಲ್ಲಿಯೂ ಅಜ್ಜಂದಿರ ಕಾಲದ ಹಳೆಯ ಹೊತ್ತಗೆಗಳಿರಬಹುದು. ಅವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ಓದೋಣ.