ಗಂಗಾಮೂಲದಿಂದ ಕೇಡಗಾಂವದವರೆಗೆ: ಪಂಡಿತಾ ರಮಾಬಾಯಿ

ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ರೈಲಿನಲ್ಲಿ ಊರಿಗೆ ಹೋಗಿಬರುವ ನಮ್ಮವರು ಕೇಡಗಾಂವ ನಿಲ್ದಾಣವನ್ನು ಎಷ್ಟೋ ಸಲ ದಾಟಿದ್ದಾರೆ. ಅಲ್ಲಿರುವ ಮುಕ್ತಿ ಮಿಷನ್ನನ್ನು ಸ್ಥಾಪಿಸಿದ ಪಂಡಿತಾ ರಮಾಬಾಯಿಯವರು ಹುಟ್ಟಿದ್ದು ಕನ್ನಡನಾಡಿನಲ್ಲಿ ಎಂಬ ಸಂಗತಿ ಅನೇಕರಿಗೆ ತಿಳಿದಿರಲಾರದು.

ಅವರ ತಂದೆ, ಕಾರ್ಕಳದ ಬಳಿಯ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆಯವರು, ಮರಾಠಿ ಮನೆಮಾತಿನ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿ ಸ್ವಜನರ ಆಕ್ಷೇಪಣೆಗೆ ಗುರಿಯಾದ ಅವರು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ಅವರು ಹಸುಗೂಸಾಗಿದ್ದಾಗಲೇ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ದಾರಿಯಲ್ಲಿ ತಾಯಿಯೇ ಮಗಳಿಗೆ ಗುರು. ಪುರಾಣ ಓದಿ ಹೇಳುವುದೇ ಜೀವನೋಪಾಯ.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲಕತ್ತೆ ಸೇರಿದಾಗ, ಅಲ್ಲಿನ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ಹೋದನು. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯನ್ನು ಕಾಲರಾ ಒಯ್ದಿತು. ರಮಾಬಾಯಿಯವರಿಗೆ ಆಗಿನ್ನೂ ಇಪ್ಪತ್ಮೂರು ವರ್ಷ.

ಮರುವರ್ಷ ಕೂಸಿನೊಡನೆ ಇಂಗ್ಲೆಂಡಿಗೆ ಹೋಗಿ, 1883ರ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ದುಃಖಕ್ಕೆ ಹೆದರಿ ಕಣ್ಣುಮುಚ್ಚಿ ಒಪ್ಪಿದ ವಿಶ್ವಾಸ ಅದಲ್ಲ. ತ್ರಯೈಕ್ಯದ ತತ್ತ್ವವನ್ನು, ಚರ್ಚಿನ ಅಧಿಕಾರವನ್ನು ಕುರಿತು ತಮ್ಮ ಗುರುಗಳಾದ ಸಂನ್ಯಾಸಿನಿಯರೊಡನೆ ಪತ್ರಮುಖೇನ ದೀರ್ಘವಾಗಿ ವಾದಿಸಿದರು. ಮತವನ್ನು ಒಪ್ಪಿ ಎಂಟು ವರ್ಷ ಕಳೆದಮೇಲೆಯೇ ತಮಗೆ ಕ್ರಿಸ್ತನಲ್ಲಿ ಪೂರ್ಣ ನೆಮ್ಮದಿ ದೊರೆತುದೆಂದು ಮುಂದೆ ಅವರೇ ಬರೆದರು. ವೈದ್ಯವಿದ್ಯೆ ಕಲಿಯಬೇಕೆಂಬ ಆಸೆಯೂ ಕಿವಿ ಮಂದವಾದುದರಿಂದ ಕೈಗೂಡಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಪುಣೆಗೆ ತಂದರು. ಕೆಲವು ಹುಡುಗಿಯರು ಅವರ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳುವರೆಂಬ ಕಾರಣದಿಂದ 1893ರಲ್ಲಿ ಕೋಲಾಹಲವೆದ್ದಿತು. ರಾನಡೆ, ಭಂಡಾರಕರರಂಥ ಹಿತೈಷಿಗಳೂ ಸಲಹಾ ಮಂಡಳಿಯನ್ನು ಬಿಟ್ಟರು. ಅನೇಕ ಹೆತ್ತವರು ಮಕ್ಕಳನ್ನು ಕರೆದೊಯ್ದರು. ರಮಾಬಾಯಿ ಪ್ರಾರ್ಥನೆಯನ್ನೂ ಬಿಡಲಿಲ್ಲ, ಸದನವನ್ನೂ ಮುಚ್ಚಲಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಿತು. ಹಸಿವಿನಿಂದ ಹೆತ್ತವರನ್ನು ಕಳೆದುಕೊಂಡಿದ್ದ ಈ ಹೆಂಗಸು ಅಲ್ಲಿಗೆ ತಾವೇ ಹೋಗಿ ನೂರಾರು ಅನಾಥ ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ಅವರಿಗಾಗಿ ಕೇಡಗಾಂವದ ಹೊಲದಲ್ಲಿ ಮುಕ್ತಿಸದನ ಎದ್ದಿತು. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂದಿತು. ಅಷ್ಟು ಜನಕ್ಕೆ ನಿಶ್ಚಿತ ಆದಾಯವೆಂಬುದಿರಲಿಲ್ಲ. ಬ್ಯಾಂಕಿನಲ್ಲಿ ಜಮಾಖರ್ಚು ನೋಡುವ ನನ್ನಂಥವನಿಗೆ ಇದು ಎದೆ ನಡುಗಿಸುವ ಲೆಕ್ಕ! ಅವರು ಪ್ರಾರ್ಥಿಸುವರು, ಬಂದ ದಾನವನ್ನು ಖರ್ಚು ಮಾಡುವರು, ಜೊತೆಗೆ ಬಾವಿ ತೋಡಿಸುವರು, ಬೇಸಾಯ, ನೇಯ್ಗೆ, ಮುದ್ರಣಗಳನ್ನು ಕಲಿಸುವರು. ಅವರ ಭಕ್ತಿ ಕೈಕಟ್ಟಿ ಕೂರುವ ಭಕ್ತಿಯಾಗಿರಲಿಲ್ಲ.

ಸಾಮಾನ್ಯ ಹೆಂಗಸರಿಗೂ ತಿಳಿಯಲೆಂದು ಬೈಬಲ್ಲನ್ನು ಸರಳ ಮರಾಠಿಗೆ ತರಲು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಆ ಕೆಲಸ ಮುಗಿಯುತ್ತ ಬಂದಾಗ, 1921ರ ಜುಲೈ 24ರಂದು, ಮನೋರಮೆ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಗುಲಬರ್ಗೆಯ ಶಾಲೆಯನ್ನು ನಡೆಸಿದವಳು, ಮುಕ್ತಿಯ ಭಾರವನ್ನು ಹೊರಬೇಕಾಗಿದ್ದವಳು ಅವಳೇ. ಅಕ್ಕರೆಯ ಕೊನೆಯ ಕೊಂಡಿಯೂ ಕಳಚಿತು. ಆದರೂ ತಾಯಿ ಮತ್ತೆ ಅಚ್ಚಿನ ಕರಡುಗಳ ಮುಂದೆ ಕುಳಿತರು. ತಿದ್ದಿ ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಗ್ರಂಥ ಸಮಗ್ರವಾಗಿ ಹೊರಬಂದುದು 1924ರಲ್ಲಿ.

ವಿಶ್ವಾಸ ಅವರ ಮನೆಯ ಒಂದು ಸಾವನ್ನೂ ತಡೆಯಲಿಲ್ಲ. ಆದರೆ ಪ್ರತಿಯೊಂದು ಸಾವಿನ ಮರುದಿನವೂ ಏಳುವ ಶಕ್ತಿಯನ್ನು ಕೊಟ್ಟಿತು. ಊರು ಬಿಟ್ಟು ಬಂದು, ಕಷ್ಟಕಾಲದಲ್ಲಿ ಹತ್ತಿರ ಬಂಧುಗಳಿಲ್ಲದೆ ಕಂಗೆಡುವ ನಾವು, ಯಾವ ಮತದವರೇ ಆಗಿರಲಿ, ಈ ಬಾಳನ್ನು ನೆನೆಯಬಹುದು. ಮುಕ್ತಿ ಮಿಷನ್ ಈಗಲೂ ನಡೆಯುತ್ತಿದೆ. ಮುಂದಿನ ಸಲ ಗಾಡಿ ಕೇಡಗಾಂವದಲ್ಲಿ ನಿಂತಾಗ, ಗಂಗಾಮೂಲದ ಈ ಮಗಳ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳೋಣ.