ಪತ್ರಿಕೆಯೊಡೆಯ ಯಾದ್ರಿಂತ್ಸೆವ್

ಸೈಬೀರಿಯ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಹಿಮ ಮತ್ತು ಗಡೀಪಾರಾದ ಕೈದಿಗಳು. ಆ ನಾಡಿಗೂ ತನ್ನದೇ ಆದ ಜನ, ತನ್ನದೇ ಆದ ಸುಖದುಃಖಗಳು ಉಂಟೆಂಬುದನ್ನು ರಷ್ಯದ ದೊರೆಗಳಿಗೆ ಬಿಡದೆ ಹೇಳಿದವನು ನಿಕೊಲಾಯ್ ಯಾದ್ರಿಂತ್ಸೆವ್. ಅದಕ್ಕಾಗಿಯೇ ಅವನು ‘ವೊಸ್ತೊಚ್ನೊಯೆ ಒಬೊಜ್ರೇನಿಯೆ’, ಎಂದರೆ ‘ಪೂರ್ವದ ಸಮೀಕ್ಷೆ’ ಎಂಬ ಪತ್ರಿಕೆಯನ್ನು ಹೊರಡಿಸಿದನು.

ಅವನು 1842ರಲ್ಲಿ ಓಮ್ಸ್ಕ್ ನಗರದ ವರ್ತಕರ ಮನೆತನದಲ್ಲಿ ಜನಿಸಿ, ಟಾಮ್ಸ್ಕಿನ ಶಾಲೆಯಲ್ಲಿ ಓದಿದನು. ಅಷ್ಟು ವಿಶಾಲವಾದ ಸೈಬೀರಿಯದಲ್ಲಿ ಆಗ ಒಂದು ವಿಶ್ವವಿದ್ಯಾನಿಲಯವೂ ಇರಲಿಲ್ಲ. ಉನ್ನತ ವಿದ್ಯೆ ಬೇಕಾದವರು, ರೈಲಿಲ್ಲದ ಆ ಕಾಲದಲ್ಲಿ, ದೂರದ ಪೀಟರ್ಸ್‌ಬರ್ಗಿಗೋ ಮತ್ತೊಂದು ಊರಿಗೋ ಹೋಗಬೇಕಾಗಿತ್ತು. ಹೋದವರಲ್ಲಿ ಅನೇಕರು ಹಿಂದಿರುಗುತ್ತಿರಲಿಲ್ಲ. ಓದಿದ ಮಗ ಊರಿಗೆ ಬಂದಾನೆಯೇ ಎಂಬ ಚಿಂತೆ ನಮ್ಮ ಹಳ್ಳಿಯ ಮನೆಗಳಲ್ಲಿಯೂ ಇರುವುದರಿಂದ, ಇದು ನಮಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. 1860ರಲ್ಲಿ ರಾಜಧಾನಿಗೆ ಹೋದ ಯಾದ್ರಿಂತ್ಸೆವ್, ಪೊತಾನಿನ್ ಮೊದಲಾದ ಗೆಳೆಯರೊಡನೆ ಸೈಬೀರಿಯದ ವಿದ್ಯಾರ್ಥಿಗಳ ಕೂಟಕ್ಕೆ ಸೇರಿದನು. 1863ರಲ್ಲಿ ನಾಡಿಗೆ ಮರಳಿ, ಸೈಬೀರಿಯಕ್ಕೊಂದು ವಿಶ್ವವಿದ್ಯಾನಿಲಯ ಬೇಕೆಂದು ಭಾಷಣ ಮಾಡಿದನು, ಲೇಖನ ಬರೆದನು.

ಸೈಬೀರಿಯವನ್ನು ರಷ್ಯದಿಂದ ಬೇರ್ಪಡಿಸಲು ಸಂಚು ಹೂಡಿದರೆಂಬ ಆಪಾದನೆಯ ಮೇಲೆ 1865ರಲ್ಲಿ ಈ ಗೆಳೆಯರು ಸೆರೆಯಾದರು. ಓಮ್ಸ್ಕಿನ ಸೆರೆಮನೆಯಲ್ಲಿ ಕೆಲವು ವರ್ಷ ಕಳೆದ ಮೇಲೆ ಯಾದ್ರಿಂತ್ಸೆವನನ್ನು ಅರ್ಖಾಂಗೆಲ್ಸ್ಕ್ ಪ್ರಾಂತಕ್ಕೆ ಕಳುಹಿಸಲಾಯಿತು. ಉಳಿದವರನ್ನೆಲ್ಲ ಸೈಬೀರಿಯಕ್ಕೆ ಅಟ್ಟುತ್ತಿದ್ದ ಸರ್ಕಾರ ಇವನನ್ನು ಸೈಬೀರಿಯದಿಂದಲೇ ಹೊರಗಟ್ಟಿತು! ಸೆರೆಯಲ್ಲಿ ಕಂಡುದನ್ನೇ ಆಧಾರವಾಗಿಟ್ಟುಕೊಂಡು ಅವನು ಕೈದಿಗಳ ಬಾಳನ್ನು ಕುರಿತ ಗ್ರಂಥವೊಂದನ್ನು 1872ರಲ್ಲಿ ಪ್ರಕಟಿಸಿದನು.

1882ರ ಏಪ್ರಿಲಿನಲ್ಲಿ ಪತ್ರಿಕೆ ಪೀಟರ್ಸ್‌ಬರ್ಗಿನಿಂದ ಹೊರಟಿತು. ಒಡೆಯನೂ ಸಂಪಾದಕನೂ ಅವನೇ. ಅಧಿಕಾರಿಗಳ ಲಂಚ, ಮೂಲನಿವಾಸಿಗಳ ಶೋಷಣೆ, ಅಪರಾಧಿಗಳನ್ನು ತಂದು ಸೈಬೀರಿಯದಲ್ಲಿ ಸುರಿಯುವ ಪದ್ಧತಿ, ಇವನ್ನೆಲ್ಲ ಅದು ಬಯಲಿಗೆಳೆಯಿತು. ಆದರೆ ಸೈಬೀರಿಯದಲ್ಲಿ ಹಣವಂತರೆಂದರೆ ವರ್ತಕರು, ಗಣಿಯೊಡೆಯರು. ಪತ್ರಿಕೆ ಟೀಕಿಸುತ್ತಿದ್ದುದು ಅವರನ್ನೂ ಸೇರಿಸಿಯೇ. ಹೀಗಿರುವಾಗ ಪತ್ರಿಕೆಗೆ ಹಣ ಎಲ್ಲಿಂದ ಬರಬೇಕು? ಸರ್ಕಾರದ ಎಚ್ಚರಿಕೆಗಳು ಬೇರೆ. ಹೆಂಡತಿ ಅಡೆಲಾಯಿಡ ಪತ್ರಿಕೆಯ ಕೆಲಸದಲ್ಲಿ ಅವನಿಗೆ ಹೆಗಲು ಕೊಟ್ಟಳು.

1888ರಲ್ಲಿ ಪತ್ರಿಕೆ ಇರ್ಕುತ್ಸ್ಕಿಗೆ ಬಂದಿತು. ಅದೇ ವರ್ಷ ಟಾಮ್ಸ್ಕಿನ ವಿಶ್ವವಿದ್ಯಾನಿಲಯ, ವೈದ್ಯ ವಿಭಾಗವೊಂದರಿಂದಲೇ, 72 ವಿದ್ಯಾರ್ಥಿಗಳೊಡನೆ ಬಾಗಿಲು ತೆರೆಯಿತು. ಅದೇ ವರ್ಷ ಅಡೆಲಾಯಿಡ ತೀರಿಕೊಂಡಳು. ಮರುವರ್ಷ ಅವನು ಮಂಗೋಲಿಯದ ಒರ್ಖೋನ್ ಕಣಿವೆಯಲ್ಲಿ ಪ್ರಾಚೀನ ತುರ್ಕಿ ಶಾಸನಗಳನ್ನು ಪತ್ತೆಮಾಡಿದನು. ವಿದ್ವಾಂಸರಲ್ಲಿ ಅವನ ಹೆಸರು ಉಳಿದಿರುವುದು ಹೆಚ್ಚಾಗಿ ಇದರಿಂದಲೇ. ಆದರೂ ಪತ್ರಿಕೆಯ ಕೆಲಸವೇ ದೊಡ್ಡದೆಂದು ನನಗೆ ತೋರುತ್ತದೆ. 1894ರಲ್ಲಿ ಹೊಸ ಉದ್ಯೋಗಕ್ಕೆಂದು ಬಾರ್ನೌಲಿಗೆ ಹೋದವನು ಕೆಲವೇ ದಿನಗಳಲ್ಲಿ ವಿಷಸೇವನೆಯಿಂದ ಮೃತನಾದನು. ಆಗ ಅವನಿಗೆ 51 ವರ್ಷ.

ಪತ್ರಿಕೆ ನಿಲ್ಲಲಿಲ್ಲ. ಗಡೀಪಾರಾಗಿ ಬಂದಿದ್ದ ಇವಾನ್ ಪೊಪೊವ್ ಅದನ್ನು ವಹಿಸಿಕೊಂಡನು. ಗಡೀಪಾರಾದವರೇ ಅನೇಕರು ಅದಕ್ಕೆ ಬರೆದರು. ಯುವಕ ಟ್ರಾಟ್ಸ್ಕಿಯೂ ಅವರಲ್ಲೊಬ್ಬ. 1905ರ ಕ್ರಾಂತಿ ಅಡಗಿದ ಮೇಲೆ, 1906ರಲ್ಲಿ, ಸರ್ಕಾರ ಅದನ್ನು ಮುಚ್ಚಿಸಿತು.